ಬಿಳಿ ಮೋಡದ ಬೆಳಕಿನಲ್ಲಿ ಹೈಡ್ರೋಜನ್ ಗೆರೆ ನೋಡುವುದು ಹೇಗೆ?

ಹೈಡ್ರೋಜನ್ನಿನ ರೋಹಿತ ರೇಖೆ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಅದು ಮೂಡಿಸುವ ಗೆರೆ) ನೋಡಲು ಕಾಲೇಜು ಲ್ಯಾಬಿನ ಡಿಸ್ಚಾರ್ಜ್ ಟ್ಯೂಬೇ ಆಗಬೇಕೆಂದಿಲ್ಲ. ಸೂರ್ಯನ ಬೆಳಕಿನಲ್ಲಿ ಅವು ಕಪ್ಪು ಗೆರೆಗಳಾಗಿ ಇದ್ದೇ ಇವೆ. ಮಳೆ ಹೊಳವಾದಾಗ ಕಾರವಾರದ ಕಡಲ ಮೇಲೆ ನಿಲ್ಲುವ ಬಿಳಿ ಮೋಡದ ಬೆಳಕು ಇದಕ್ಕೆ ಧಾರಾಳ ಸಾಕು.

ಬೆಳಕನ್ನು ಬಿಡಿಸಿ ತೋರಿಸುವ ಡಬ್ಬಿಯನ್ನು ನಾವೇ ಮಾಡಿಕೊಳ್ಳಬಹುದು. ಶೂ ಡಬ್ಬಿಯ ಒಳಗೆಲ್ಲ ಕಪ್ಪು ಕಾಗದ ಅಂಟಿಸಿ. ಗಿಡ್ಡ ಬದಿಯೊಂದರಲ್ಲಿ 2 ಸೆಂ.ಮೀ. ಎತ್ತರದ ಕಿಂಡಿ ಕೊರೆದು, ಎರಡು ದಾಡಿ ಬ್ಲೇಡುಗಳನ್ನು ಅಂಚಿಗೆ ಅಂಚು ಎದುರಾಗಿ ಟೇಪಿನಿಂದ ಕೂರಿಸಿ. ನಡುವೆ ಎರಡು ಜೆರಾಕ್ಸ್ ಹಾಳೆ ಹಿಡಿದು ಅಂಟಿಸಿ, ಹಾಳೆ ಎಳೆದರೆ ಸುಮಾರು 0.2 ಮಿ.ಮೀ. ಸೀಳು ಉಳಿಯುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಸೀಳು ಅಗಲವಾದರೆ ಬಣ್ಣಗಳು ಒಂದರ ಮೇಲೊಂದು ಹರಡಿ ಗೆರೆ ಮುಚ್ಚಿಹೋಗುತ್ತದೆ. ಶಿರಸಿಯ ಮಳೆಗಾಲದ ಥಂಡಿಗೆ ರಟ್ಟು ಉಬ್ಬಿದರೂ ಇದೇ ಗತಿ. ಅಲ್ಲಿ ಪ್ಲಾಸ್ಟಿಕ್ ಡಬ್ಬಿಯೇ ಒಳ್ಳೆಯದು.

ಖಾಲಿ ಡಿವಿಡಿ-ಆರ್‌ನ ಅಂಚಿಗೆ ಬ್ಲೇಡ್ ತೂರಿಸಿ ಎರಡು ಪದರ ಬಿಡಿಸಿ. ಬಣ್ಣವಿರುವ ಪಾರದರ್ಶಕ ಪದರವನ್ನು ಸ್ಪಿರಿಟ್‌ನಲ್ಲಿ ತೊಳೆಯಿರಿ, ಬೆರಳು ತಾಗಿಸಬೇಡಿ. ಹೊರ ಅಂಚಿನಿಂದ 2 ಸೆಂ.ಮೀ. ತುಂಡು ಕತ್ತರಿಸಿ, ಅದರ ಗೀರುಗಳು (ಡಿವಿಡಿಯ ಸುತ್ತ ಅಂಚಿನ ಗುಂಟ ಸಾಗುವ ಸೂಕ್ಷ್ಮ ಸಾಲುಗಳು) ಸೀಳಿಗೆ ಸಮಾನಾಂತರವಾಗುವಂತೆ ಎದುರು ಬದಿಯ ತೂತಿಗೆ ಅಂಟಿಸಿ. ಗೀರುಗಳ ಅಂತರ 0.74 ಮೈಕ್ರೋಮೀಟರ್; ಸಿಡಿಯಲ್ಲಿ 1.6. ಆದ್ದರಿಂದ ಡಿವಿಡಿ ಬಣ್ಣಗಳನ್ನು ಎರಡು ಪಟ್ಟಿಗಿಂತ ಹೆಚ್ಚು ಬಿಡಿಸುತ್ತದೆ. ನೇರ ನೋಡಿದರೆ ಬರೀ ಸೀಳು ಕಾಣುತ್ತದೆ. ದೃಷ್ಟಿಯನ್ನು 35ರಿಂದ 65 ಡಿಗ್ರಿ ಪಕ್ಕಕ್ಕೆ ಹೊರಳಿಸಬೇಕು.

ಮೊದಲು ಸಿಎಫ್‌ಎಲ್ ಬಲ್ಬಿನಲ್ಲಿ ಪರೀಕ್ಷಿಸಿ. ಪಾದರಸದ ಹಸಿರು (ತರಂಗಾಂತರ 546 ನ್ಯಾನೋಮೀಟರ್; ಮುಂದಿನ ಗೆರೆಗಳ ಸಂಖ್ಯೆಗಳೂ ಇದೇ ಅಳತೆಯವು) ಗೆರೆ ತೆಳ್ಳಗೆ ಕಂಡರೆ ಡಬ್ಬಿ ಸರಿಯಾಗಿದೆ. ಎಲ್‌ಇಡಿಯಲ್ಲಿ ಗೆರೆ ಹುಡುಕಬೇಡಿ, ಅದರ ಬೆಳಕೇ ಪಟ್ಟೆಯಂಥದ್ದು.

ಈಗ ಸೂರ್ಯನಿಗೆ ಬೆನ್ನು ಮಾಡಿ ಮೋಡದ ಕಡೆ ಹಿಡಿಯಿರಿ. ಸೂರ್ಯನತ್ತ ಎಂದೂ ಹಿಡಿಯಬಾರದು, ಕಣ್ಣು ಹೋಗುತ್ತದೆ. ಹಳದಿಯಲ್ಲಿ 589ರ ಕಪ್ಪು ಗೆರೆ ಸೋಡಿಯಂನದು. ಹಸಿರಿನಲ್ಲಿ 517ರ ಸುತ್ತ ಮೆಗ್ನೀಸಿಯಂ. ಅಲ್ಲಿಂದ ನೀಲಿಯತ್ತ ಸಾಗಿದರೆ ಸಿಗುವ ಮುಂದಿನ ದೊಡ್ಡ ಗೆರೆ 486.1, ಅದೇ ಹೈಡ್ರೋಜನ್. ಅದರ ಜೊತೆಗಾರ ಕೆಂಪಿನಲ್ಲಿ 656.3ರಲ್ಲಿದೆ. ಅಡ್ಡಲಾಗಿ, ಬಣ್ಣದ ಪಟ್ಟಿಯ ಉದ್ದಕ್ಕೂ ಹೋಗುವ ಕಪ್ಪು ಗೀಟುಗಳಿಗೆ ಮೋಸಹೋಗಬೇಡಿ: ಉಪ್ಪು ಗಾಳಿಗೆ ಬ್ಲೇಡ್ ತುಕ್ಕು ಹಿಡಿದಿದೆ, ಬದಲಿಸಿ.

ಸೂರ್ಯನ ಹೊರಪದರದ ಹೈಡ್ರೋಜನ್ನಿನಲ್ಲಿ ಎಲೆಕ್ಟ್ರಾನ್ 2ನೇ ಶಕ್ತಿ ಮಟ್ಟದಿಂದ 3ಕ್ಕೆ ಏರುವಾಗ 656.3ರ ಬೆಳಕನ್ನು ಹೀರುತ್ತದೆ. 4ಕ್ಕೆ ಏರಲು 486.1 ಬೇಕು. ಸ್ವಿಸ್ ಗಣಿತ ಶಿಕ್ಷಕ ಬಾಮರ್ 1885ರಲ್ಲೇ ಈ ತರಂಗಾಂತರಗಳ ಲೆಕ್ಕ ಹಿಡಿದಿದ್ದರು. 1ನೇ ಮಟ್ಟದಿಂದ 2ಕ್ಕೆ ಏರಲು ಬೇಕಾದದ್ದು 121.6ರ ಅತಿನೇರಳೆ, 3ರಿಂದ 4ಕ್ಕೆ 1875ರ ಅವಕೆಂಪು. ಅವೆರಡೂ ಕಣ್ಣಿಗೆ ಕಾಣುವುದಿಲ್ಲ.

ಸಂಜೆ ಮತ್ತೊಮ್ಮೆ ನೋಡಿ. ಕೆಂಪಿನ ಕೊನೆಯಲ್ಲಿ 687ರ ಪಟ್ಟೆ ಮಧ್ಯಾಹ್ನಕ್ಕಿಂತ ದಟ್ಟವಾಗಿರುತ್ತದೆ. ಅದು ನಮ್ಮ ಗಾಳಿಯ ಆಮ್ಲಜನಕದ್ದು. ಇಳಿಬಿಸಿಲು ಹೆಚ್ಚು ಗಾಳಿ ದಾಟಿ ಬರುತ್ತದೆ. 656.3 ಮಾತ್ರ ಬೆಳಗಿನಿಂದ ಹಾಗೇ ಇರುತ್ತದೆ.