ಬಾದಾಮಿ, ಪಟ್ಟದಕಲ್ಲು, ಐಹೊಳೆ: ಬಸ್ಸಿನಲ್ಲೇ ಸುತ್ತುವ ಲೆಕ್ಕ

ಬಾದಾಮಿ ಕಡೆ ಹೋದವರ ದುಡ್ಡು ಲಾಡ್ಜಿನಲ್ಲಾಗಲಿ ಪ್ರವೇಶ ಟಿಕೆಟ್ಟಿನಲ್ಲಾಗಲಿ ಖಾಲಿಯಾಗುವುದಿಲ್ಲ. ಇಳಿಹೊತ್ತಿನಲ್ಲಿ ಐಹೊಳೆಯ ರಸ್ತೆಯಲ್ಲಿ ನಿಂತು, ಮುಂದಿನ ಬಸ್ಸು ಯಾವಾಗಲೋ ಗೊತ್ತಿಲ್ಲದೆ, ಕೇಳಿದಷ್ಟು ಕೊಟ್ಟು ಆಟೋ ಹತ್ತುತ್ತಾರಲ್ಲ, ಅಲ್ಲಿ ಸೋರುತ್ತದೆ. ಮೂರೂ ಊರನ್ನು ಸರ್ಕಾರಿ ಬಸ್ಸಿನಲ್ಲೇ ನೋಡಬಹುದು, ನಾನು ನೋಡುವುದೂ ಹಾಗೆಯೇ. ಆದರೆ ಯಾವ ಊರು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ ತಪ್ಪಿಸುವಂತಿಲ್ಲ.

ಬೆಂಗಳೂರಿನಿಂದ ಅಗ್ಗದ ದಾರಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್. ಸಂಜೆ ಹತ್ತಿದರೆ ಹುಬ್ಬಳ್ಳಿ, ಗದಗ ದಾಟಿ ಬೆಳಿಗ್ಗೆ ಬಾದಾಮಿ. ಒಂದು ರಾತ್ರಿಯ ರೂಮಿನ ಬಾಡಿಗೆಯೂ ಉಳಿಯಿತು. ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಸೀಟು ಸಿಗದಿದ್ದರೆ ಹುಬ್ಬಳ್ಳಿಗೋ ಗದಗಿಗೋ ಬೇರೆ ಗಾಡಿ ಹಿಡಿದು ಅಲ್ಲಿಂದ ಬಸ್ಸಿಗೆ ಬನ್ನಿ. ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ಹೊರಗಿದೆ. ರೈಲು ಬಂದಾಗ ಹೊರಗೆ ಟಂಟಂಗಳು, ಅಂದರೆ ಸೀಟಿನ ಲೆಕ್ಕದಲ್ಲಿ ಓಡುವ ದೊಡ್ಡ ಆಟೋಗಳು, ನಿಂತಿರುತ್ತವೆ. ‘ಸೀಟಿನ ಲೆಕ್ಕದಾಗ ಎಷ್ಟು?’ ಎಂದು ಕೇಳಿಯೇ ಹತ್ತಬೇಕು. ಸುಮ್ಮನೆ ಹತ್ತಿದರೆ ಪೂರ್ತಿ ಗಾಡಿಯ ಬಾಡಿಗೆ ಬೀಳುತ್ತದೆ.

ರೂಮನ್ನು ಬಸ್ ಸ್ಟ್ಯಾಂಡಿನ ಸುತ್ತಮುತ್ತಲೇ ಹಿಡಿಯಿರಿ. ಬಂಡೆ ಕೊರೆದು ಮಾಡಿದ ಗುಹಾಲಯಗಳು, ಅಂದರೆ ಮೇಣಬಸದಿಗಳು, ಅಲ್ಲಿಂದ ನಡೆದು ಹೋಗುವಷ್ಟು ದೂರ. ಬೆಳಗಿನ ಬಸ್ಸಿಗೆ ಆಟೋ ಬೇಕಿಲ್ಲ. ಕೆರೆ ಕಾಣುವ ರೂಮು ಬೇಕೆಂದು ದೂರ ಹೋದರೆ ದಿನಕ್ಕೆರಡು ಸಲ ಆಟೋಗೆ ಕೊಡುತ್ತೀರಿ.

ಇನ್ನು ಬಸ್ಸಿನ ವಿಷಯ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಐಹೊಳೆ ಸುಮಾರು 35. ಈ ದಾರಿಯ ಬಸ್ಸುಗಳು ಓಡುವುದು ಪ್ರವಾಸಿಗರಿಗಾಗಿ ಅಲ್ಲ, ಹಳ್ಳಿಯವರಿಗಾಗಿ. ಸಂಜೆ ಊರಿಗೆ ಹೋದ ವಸ್ತಿ ಬಸ್ಸು ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಶಾಲೆ-ಕಾಲೇಜಿನ ಹುಡುಗರನ್ನೂ ಸಂತೆಯವರನ್ನೂ ತುಂಬಿಕೊಂಡು ಪೇಟೆಗೆ ಬರುತ್ತದೆ. ನಾವು ಹೋಗುವುದು ಅದಕ್ಕೆ ಎದುರು ದಿಕ್ಕಿಗೆ. ಬೆಳಿಗ್ಗೆ ಹೋಗಲು ಸೀಟು ಸಲೀಸು, ಬಸ್ಸು ಕಡಿಮೆ. ಸಂಜೆ ಐಹೊಳೆ ಬಿಡುವುದು ಇನ್ನೂ ಕಷ್ಟ. ಪಟ್ಟದಕಲ್ಲು–ಬಾದಾಮಿ ನಡುವೆ ಮಾತ್ರ ಓಡಾಟ ಇದಕ್ಕಿಂತ ಜಾಸ್ತಿ.

ಆದ್ದರಿಂದ ದೂರದ ಐಹೊಳೆಯೇ ಮೊದಲು, ಹತ್ತಿರದ ಪಟ್ಟದಕಲ್ಲು ಆಮೇಲೆ. ಹೆಚ್ಚಿನವರು ಹತ್ತಿರದ್ದು ಮೊದಲೆಂದು ಪಟ್ಟದಕಲ್ಲಿಗೆ ಇಳಿದು, ಮಧ್ಯಾಹ್ನದ ಹೊತ್ತಿಗೆ ಐಹೊಳೆ ಸೇರಿ ಅಲ್ಲೇ ಸಿಕ್ಕಿಬೀಳುತ್ತಾರೆ. ಹಿಂದಿನ ಸಂಜೆಯೇ ಬಾದಾಮಿ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಎರಡು ಪ್ರಶ್ನೆ ಕೇಳಿ ಬರೆದುಕೊಳ್ಳಿ: ಐಹೊಳೆಗೆ ಮೊದಲ ಬಸ್ಸು ಎಷ್ಟಕ್ಕೆ, ಪಟ್ಟದಕಲ್ಲಿನಿಂದ ಬಾದಾಮಿಗೆ ಕೊನೆಯ ಬಸ್ಸು ಎಷ್ಟಕ್ಕೆ. ಗೋಡೆಯ ಬೋರ್ಡು ನಂಬಬೇಡಿ. ಶಾಲೆಗೆ ರಜೆ ಇದ್ದಾಗ ಕೆಲವು ಟ್ರಿಪ್ ಇರುವುದೇ ಇಲ್ಲ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ಹೊತ್ತಿನಲ್ಲಂತೂ ಬಸ್ಸೆಲ್ಲ ಅತ್ತಲೇ, ರೂಮೂ ಸಿಗುವುದಿಲ್ಲ. ಅದೇ ನೋಡಬೇಕೆಂದಿದ್ದರೆ ಸರಿ, ಇಲ್ಲದಿದ್ದರೆ ಆ ವಾರ ಬಿಡಿ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ, ಎಲ್ಲ ನೋಡುವ ಹಟ ಬೇಡ. ಬಿಸಿಲೇರುವ ಮೊದಲು ಗುಡ್ಡ ಹತ್ತಿ ಮೇಗುತಿ ಬಸದಿ ಮುಗಿಸಿ. ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ 634ರ ಶಾಸನ ಅದರ ಗೋಡೆಯಲ್ಲೇ ಇದೆ, ಕಾಳಿದಾಸ-ಭಾರವಿಯರ ಹೆಸರು ಬರುವುದು ಅದರಲ್ಲೇ. ಕೆಳಗಿಳಿದು ದುರ್ಗ ಗುಡಿಯ ಆವರಣ, ಲಾಡಖಾನ್ ಗುಡಿ. ಅಲ್ಲಿಂದ ನಡೆದೇ ರಾವಣಫಡಿ ಗುಹಾಲಯ. ಊಟದ ಹೋಟೆಲ್ ಬೆರಳೆಣಿಕೆ, ಆದ್ದರಿಂದ ತಲೆಗೆ ಎರಡು ಲೀಟರ್ ನೀರು ಮತ್ತು ಕಟ್ಟಿಸಿಕೊಂಡ ರೊಟ್ಟಿ ಜೊತೆಗಿರಲಿ. ಪಟ್ಟದಕಲ್ಲಿಗೆ ನೇರ ಬಸ್ಸು ತಡವೆಂದಾದರೆ ಒಂದು ತಾಸಿಗಿಂತ ಹೆಚ್ಚು ಕಾಯಬೇಡಿ. ನಾಲ್ಕು ಜನ ಸೇರಿ ಟಂಟಂ ಮಾಡಿಕೊಳ್ಳಿ. ಬಾದಾಮಿಯಿಂದ ಇಡೀ ದಿನಕ್ಕೆ ಆಟೋ ಮಾಡಿದರೆ ಸಾವಿರ ದಾಟುತ್ತದೆ, ಈ ಒಂದು ತುಂಡಿಗೆ ಅಷ್ಟಾಗುವುದಿಲ್ಲ. ಅದೂ ಆಗದಿದ್ದರೆ ಅಮೀನಗಡಕ್ಕೆ ಹೋಗಿ ಗುಳೇದಗುಡ್ಡದ ಮೇಲೆ ಬಾದಾಮಿಗೆ ಬನ್ನಿ. ಪಟ್ಟದಕಲ್ಲು ಮರುದಿನಕ್ಕೆ ಉಳಿಯುತ್ತದೆ, ಆದರೆ ಅಮೀನಗಡ ಹೆಸರಾಗಿರುವ ಕರದಂಟು ಸಿಹಿ ಅಲ್ಲೇ ಸಿಗುತ್ತದೆ.

ಪಟ್ಟದಕಲ್ಲಿಗೆ ಎರಡು ತಾಸು ಸಾಕು. ಕಾಶಿ ವಿಶ್ವನಾಥ ಗುಡಿಯ ನಾಗರ (ಉತ್ತರದ ಶೈಲಿಯ) ಶಿಖರವನ್ನೂ ಪಕ್ಕದ ಮಲ್ಲಿಕಾರ್ಜುನ ಗುಡಿಯ ದ್ರಾವಿಡ (ದಕ್ಷಿಣದ ಶೈಲಿಯ) ವಿಮಾನವನ್ನೂ ಒಂದೇ ಕಡೆ ನಿಂತು ಹೋಲಿಸಿ ನೋಡಬಹುದು. ಇಂಥ ಜಾಗ ಬೇರೆಲ್ಲಿದೆ? ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೇ ಬಿಡಬೇಕು. ಮಧ್ಯಾಹ್ನದ ಹೊತ್ತಿಗೆ ಆ ಕಲ್ಲು ಹಂಚಿನಂತೆ ಕಾದಿರುತ್ತದೆ. ದಪ್ಪ ಕಾಲುಚೀಲ ಒಂದು ಜೊತೆ ಚೀಲದಲ್ಲಿದ್ದರೆ ನಂದಿ ಮಂಟಪದವರೆಗೂ ನೆಮ್ಮದಿಯಿಂದ ಹೋಗಿ ಬರಬಹುದು. ಒಳಗಿನ ಕಂಬಗಳ ರಾಮಾಯಣದ ಕೆತ್ತನೆಗಳು ಕತ್ತಲಲ್ಲಿವೆ. ಮೊಬೈಲ್ ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಗೆರೆಗಳು ಎದ್ದು ಕಾಣುತ್ತವೆ. ಗುಡಿಗಳ ಗುಂಪಿನಿಂದ ದಕ್ಷಿಣಕ್ಕೆ ಸ್ವಲ್ಪ ದೂರದ ಪಾಪನಾಥ ಗುಡಿಯನ್ನು ಬಹಳ ಜನ ಬಿಟ್ಟುಬರುತ್ತಾರೆ, ಅದು ನಷ್ಟ.

ಬಾದಾಮಿಯನ್ನು ರೈಲಿಳಿದ ದಿನವೇ ಇಟ್ಟುಕೊಳ್ಳಿ, ಹೇಗೂ ಸ್ನಾನ-ತಿಂಡಿ ಮುಗಿಯುವಷ್ಟರಲ್ಲಿ ಐಹೊಳೆಯ ಮೊದಲ ಬಸ್ಸು ಹೋಗಿರುತ್ತದೆ. ಮೇಣಬಸದಿಗಳಲ್ಲಿ ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡಿ. 578ರಲ್ಲಿ ಚಾಲುಕ್ಯ ಮಂಗಳೇಶ ಮಾಡಿಸಿದ್ದು, ಚಾವಣಿಯಂಚಿನಲ್ಲಿ ಬಣ್ಣದ ಚಿತ್ರಗಳ ಕುರುಹು ಇನ್ನೂ ಇದೆ. ಮಂಗಗಳು ಕಸಿಯುವುದು ಕೈಯಲ್ಲಿ ನೇತಾಡುವ ಪ್ಲಾಸ್ಟಿಕ್ ಕವರನ್ನು. ತಿನ್ನುವುದೆಲ್ಲ ಜಿಪ್ ಹಾಕಿದ ಬ್ಯಾಗಿನೊಳಗಿರಲಿ. ಕೆರೆಯ ಆಚೆ ದಡದ ಮ್ಯೂಸಿಯಂ ಶುಕ್ರವಾರ ರಜೆ, ಐಹೊಳೆಯದೂ ಅಷ್ಟೇ. ಮ್ಯೂಸಿಯಂ ಪಕ್ಕದ ಬಂಡೆ ಸೀಳಿನಿಂದಲೇ ಉತ್ತರದ ಕೋಟೆಗೆ ದಾರಿ. ಭೂತನಾಥ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಬೆಳಕು ಬೀಳುವುದು ಸಂಜೆಗೆ. ಅದನ್ನು ಕೊನೆಗಿಟ್ಟುಕೊಳ್ಳಿ.

ಪ್ರವೇಶ ದರ: ಮೇಣಬಸದಿ 25, ಐಹೊಳೆ 25, ವಿಶ್ವ ಪರಂಪರೆ ಪಟ್ಟಿಯ ಪಟ್ಟದಕಲ್ಲು 40. ಕ್ಯೂಆರ್ ಕೋಡಿನಲ್ಲಿ ಕೊಂಡರೆ ತಲಾ 5 ರೂಪಾಯಿ ಕಡಿಮೆ, 90ರ ಬದಲು 75. ನೆಟ್‌ವರ್ಕ್ ಕೈಕೊಡುವುದುಂಟು, ರೂಮಿನಲ್ಲೇ ಕೊಂಡು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಈ ಬಸ್ಸುಗಳೆಲ್ಲ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಲೇಬೇಕು, ಚೆಕಿಂಗಿನವರು ಕೇಳುತ್ತಾರೆ. ಉಳಿದವರು ಚಿಲ್ಲರೆ ಇಟ್ಟುಕೊಳ್ಳಿ.

ಊಟಕ್ಕೆ ಖಾನಾವಳಿಯೇ ಸರಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬನಶಂಕರಿ ಗುಡಿಯ ಬಳಿ ಬುಟ್ಟಿ ಇಟ್ಟು ಕೂತ ಅಮ್ಮಂದಿರ ಹತ್ತಿರ ಕಟಕ್ (ಒಣಗಿಸಿದ ಗರಿಗರಿ) ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಸಿಗುತ್ತದೆ. ಎಷ್ಟು ರೊಟ್ಟಿ, ಎಷ್ಟು ಪಲ್ಯ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಪ್ರೀತಿಯಿಂದಲೇ ಬಡಿಸುತ್ತ ಹೋಗುತ್ತಾರೆ, ಲೆಕ್ಕ ಆಮೇಲೆ ಬರುತ್ತದೆ.

ವಾಪಸು ರೈಲಿನ ದಿನ ಐಹೊಳೆ ಇಟ್ಟುಕೊಳ್ಳಬೇಡಿ. ಆ ದಿನಕ್ಕೆ 5 ಕಿ.ಮೀ. ದೂರದ ಬನಶಂಕರಿ ಸಾಕು. ಸ್ಟೇಷನ್ನಿಗೆ ಟಂಟಂ ತುಂಬುವವರೆಗೆ ಹೊರಡುವುದಿಲ್ಲ, ರೈಲಿಗೆ ಒಂದು ತಾಸು ಮೊದಲೇ ಬಸ್ ಸ್ಟ್ಯಾಂಡಿನಲ್ಲಿರಿ.