ಲಿನಕ್ಸ್ ಕಂಪ್ಯೂಟರಿಗೆ ಡಿಜಿಟಲ್ ಕ್ಯಾಮೆರಾ ಜೋಡಿಸುವ ಕ್ರಮ

ಲಿನಕ್ಸ್‌ನಲ್ಲಿ ಕ್ಯಾಮೆರಾದಿಂದ ಚಿತ್ರಗಳನ್ನು ಪಡೆಯಲು ತಯಾರಕರ ಡ್ರೈವರ್‌ಗಾಗಿ ಹುಡುಕಾಡಬೇಕಾಗಿಲ್ಲ. ಲಿಬ್‌ಜಿಫೋಟೋ2 ಎಂಬ ಮುಕ್ತ ತಂತ್ರಾಂಶವು ಸಾವಿರಾರು ಮಾದರಿಗಳನ್ನು ಗುರುತಿಸುತ್ತದೆ. ಶಾಟ್‌ವೆಲ್, ಡಿಜಿಕ್ಯಾಮ್‌ನಂತಹ ಚಿತ್ರ ನಿರ್ವಹಣೆಯ ಅನ್ವಯಗಳು ಕ್ಯಾಮೆರಾದೊಡನೆ ವ್ಯವಹರಿಸುವುದು ಅದರ ಮೂಲಕವೇ.

ಕ್ಯಾಮೆರಾದ ಬ್ಯಾಟರಿ ಸಾಕಷ್ಟು ಚಾರ್ಜ್ ಆಗಿರುವುದನ್ನು ಖಚಿತಪಡಿಸಿಕೊಂಡು, ಯುಎಸ್‌ಬಿ ಕೇಬಲ್ ಜೋಡಿಸಿ ಕ್ಯಾಮೆರಾ ಆನ್ ಮಾಡಿ. ಕೆಲವು ಕೇಬಲ್‌ಗಳು ಚಾರ್ಜಿಂಗ್‌ಗೆ ಮಾತ್ರ ಆಗುತ್ತವೆಯಾದ್ದರಿಂದ, ಏನೂ ಕಾಣಿಸದಿದ್ದರೆ ಮೊದಲು ಕೇಬಲನ್ನೇ ಬದಲಿಸಿ ನೋಡುವುದು ಒಳ್ಳೆಯದು. ಕ್ಯಾಮೆರಾದ ಮೆನುವಿನಲ್ಲಿ ಯುಎಸ್‌ಬಿ ವಿಧಾನವನ್ನು ಆರಿಸುವ ಅವಕಾಶವಿದ್ದರೆ ಮಾಸ್ ಸ್ಟೋರೇಜ್ ಅಥವಾ ಪಿಟಿಪಿ ಎಂಬ ಆಯ್ಕೆಗಳಿರುತ್ತವೆ. ಮೊದಲನೆಯದರಲ್ಲಿ ಮೆಮೊರಿ ಕಾರ್ಡ್ ಪೆನ್ ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ, ಚಿತ್ರಗಳು ಡಿಸಿಐಎಂ ಫೋಲ್ಡರ್‌ನಲ್ಲಿರುತ್ತವೆ. ಪಿಟಿಪಿಯಲ್ಲಿ ಕಾರ್ಡ್ ನೇರವಾಗಿ ಕಂಪ್ಯೂಟರಿನ ಕೈಗೆ ಸಿಗುವುದಿಲ್ಲ, ಕೇಳಿದ ಫೈಲನ್ನು ಕ್ಯಾಮೆರಾವೇ ಕಳುಹಿಸುತ್ತದೆ.

ಬಹಳಷ್ಟು ಜನ ಎಡವುವುದು ಪಿಟಿಪಿಯಲ್ಲಿಯೇ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ, ಲಿಬ್‌ಜಿಫೋಟೋ2 ಬಳಸುವ ಜಿಫೋಟೋ2 ಆದೇಶವನ್ನು ಆಟೋ-ಡಿಟೆಕ್ಟ್ ಆಯ್ಕೆಯೊಂದಿಗೆ (gphoto2 --auto-detect) ಕೊಟ್ಟರೆ ಕ್ಯಾಮೆರಾದ ಹೆಸರು ಸರಿಯಾಗಿ ಬರುತ್ತದೆ. ಆದರೆ ಚಿತ್ರಗಳನ್ನು ಇಳಿಸಲು ಹೊರಟೊಡನೆ 'ಕುಡ್ ನಾಟ್ ಕ್ಲೈಮ್ ದಿ ಯುಎಸ್‌ಬಿ ಡಿವೈಸ್' ಎಂಬ ದೋಷ ಎದುರಾಗುತ್ತದೆ. ಕ್ಯಾಮೆರಾ ಕೆಟ್ಟಿದೆಯೆಂದು ಇದರ ಅರ್ಥವಲ್ಲ. ಈ ಯುಎಸ್‌ಬಿ ಸಂಪರ್ಕವನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಬಳಸಬಲ್ಲದು, ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಸಾಧನಗಳನ್ನು ತಾನಾಗಿಯೇ ತೆರೆಯುವ ಜಿವಿಎಫ್‌ಎಸ್ ಸೇವೆಯು ಕೇಬಲ್ ಜೋಡಿಸಿದ ಕೂಡಲೇ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿರುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ಕ್ಯಾಮೆರಾದ ಹೆಸರಿನ ಪಕ್ಕದ ಅನ್‌ಮೌಂಟ್ ಗುಂಡಿಯನ್ನು ಒತ್ತಿ, ಕೇಬಲ್ ತೆಗೆಯದೆ ಆದೇಶವನ್ನು ಮತ್ತೆ ಕೊಡಿ. ಸಾಮಾನ್ಯವಾಗಿ ಇಷ್ಟರಿಂದಲೇ ಕೆಲಸವಾಗುತ್ತದೆ.

ಎಲ್ಲ ಚಿತ್ರಗಳನ್ನೂ ಇಳಿಸುವುದಕ್ಕೆ ಗೆಟ್-ಆಲ್-ಫೈಲ್ಸ್ (gphoto2 --get-all-files) ಎಂಬ ಆಯ್ಕೆಯಿದೆ. ಅನೇಕ ಕ್ಯಾಮೆರಾಗಳಲ್ಲಿ ಫೈಲಿನ ಸಂಖ್ಯೆ 9999 ತಲುಪಿದ ಮೇಲೆ ಮತ್ತೆ 0001ರಿಂದ ಆರಂಭವಾಗುವುದರಿಂದ, ಹಳೆಯ ಚಿತ್ರದ ಹೆಸರೇ ಹೊಸದಕ್ಕೂ ಬರಬಹುದು. ಹಳೆಯ ಫೈಲಿನ ಮೇಲೆಯೇ ಬರೆಯಲೇ (ಓವರ್‌ರೈಟ್) ಎಂದು ಜಿಫೋಟೋ2 ಕೇಳಿದಾಗ ಯೋಚಿಸದೆ ಹೌದು ಎಂದರೆ ಹಳೆಯ ಚಿತ್ರ ಹೋದಂತೆಯೇ. ಪ್ರತಿ ಸಲವೂ ಆ ದಿನದ ದಿನಾಂಕದ ಹೆಸರಿನಲ್ಲಿ ಹೊಸ ಫೋಲ್ಡರ್ ಮಾಡಿ, ಅದರೊಳಗಿನಿಂದಲೇ ಆದೇಶ ಕೊಡುವುದು ನನ್ನ ಮಟ್ಟಿಗೆ ಅತ್ಯಂತ ಸುರಕ್ಷಿತ ಪದ್ಧತಿ.

ದೊಡ್ಡ ವಿಡಿಯೋಗಳಿದ್ದರೆ ಕಾರ್ಡ್ ರೀಡರ್ ಬಳಸುವುದೇ ಮೇಲು. 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿರುತ್ತವೆ. 2020ರಲ್ಲಿ ಬಂದ 5.7 ಆವೃತ್ತಿಯ ಕರ್ನಲ್‌ನಿಂದೀಚೆಗೆ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ಅದಕ್ಕೆ ಉತ್ತಮ ಬೆಂಬಲವಿದೆ. ಇಳಿಸಿದ ಚಿತ್ರಗಳನ್ನು ತೆರೆದು ನೋಡಿ, ಇನ್ನೊಂದು ಡಿಸ್ಕ್‌ಗೂ ನಕಲು ಮಾಡಿಕೊಂಡ ನಂತರವೇ ಕಾರ್ಡನ್ನು ಖಾಲಿ ಮಾಡಿ, ಅದನ್ನೂ ಕಂಪ್ಯೂಟರಿನಲ್ಲಲ್ಲದೆ ಕ್ಯಾಮೆರಾದ ಫಾರ್ಮ್ಯಾಟ್ ಮೆನುವಿನಿಂದಲೇ ಮಾಡಿ.