ಆಂಪ್ಲಿಫೈಯರ್‌ನಿಂದ ಸ್ಪೀಕರ್ ಬಾಕ್ಸ್‌ಗೆ ಕೇಬಲ್ ಆರಿಸುವ ಬಗೆ

ಎರಡೂ ತುದಿಗೆ ಕಾಲಿಂಚಿನ ಜಾಕ್ ಇರುವ ಎರಡು ಕೇಬಲ್‌ಗಳನ್ನು ಮೇಜಿನ ಮೇಲಿಟ್ಟರೆ, ಗಿಟಾರಿಗೆ ಹಾಕುವುದು ಯಾವುದು, ಸ್ಪೀಕರ್‌ಗೆ ಹಾಕುವುದು ಯಾವುದು ಎಂದು ಹೊರನೋಟಕ್ಕೆ ತಿಳಿಯುವುದಿಲ್ಲ. ಜಾಕ್‌ನ ಮುಚ್ಚಳ ತಿರುಗಿಸಿ ತೆಗೆದರೆ ಗುಟ್ಟು ರಟ್ಟಾಗುತ್ತದೆ. ಗಿಟಾರ್ ಕೇಬಲ್‌ನಲ್ಲಿ ನಡುವೆ ಕೂದಲಿನಷ್ಟು ತೆಳುವಾದ ಕೆಲವೇ ಎಳೆಗಳೂ ಅದರ ಸುತ್ತ ಜಾಲರಿಯಂತೆ ಹೆಣೆದ ಇನ್ನೊಂದು ತಂತಿಯೂ ಇರುತ್ತವೆ. ಸ್ಪೀಕರ್ ಕೇಬಲ್‌ನಲ್ಲಿ ಒಂದೇ ದಪ್ಪದ ಎರಡು ತಂತಿಗಳು ಜೊತೆಜೊತೆಯಾಗಿ ಸಾಗುತ್ತವೆ, ಜಾಲರಿ ಇರುವುದಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ, ಅವು ಹೊರುವ ಹೊರೆ. ಗಿಟಾರಿನಿಂದ ಬರುವ ಕರೆಂಟು ಒಂದು ಆಂಪಿಯರ್‌ನ ಹತ್ತು ಲಕ್ಷದಲ್ಲೊಂದು ಭಾಗದ ಆಸುಪಾಸಿನಲ್ಲಿರುವುದರಿಂದ ಅಲ್ಲಿ ತಂತಿಯ ದಪ್ಪಕ್ಕಿಂತ ಹೊರಗಿನ ಗುಂಯ್ ಶಬ್ದವನ್ನು ತಡೆಯುವ ಜಾಲರಿ ಮುಖ್ಯ. ಆದರೆ 8 ಓಮ್‌ನ (ಓಮ್ ಎಂದರೆ ರೋಧದ, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಬಾಕ್ಸ್‌ಗೆ 100 ವ್ಯಾಟ್ ಕಳುಹಿಸುವಾಗ ಸುಮಾರು 28 ವೋಲ್ಟ್ ಒತ್ತಡದಲ್ಲಿ ಮೂರೂವರೆ ಆಂಪಿಯರ್ ಹರಿಯುತ್ತದೆ. 4 ಓಮ್‌ಗೆ 400 ವ್ಯಾಟ್ ಎಂದರೆ 10 ಆಂಪಿಯರ್. ಒಮ್ಮೆ ಬಯಲಾಟದ ರಂಗಸ್ಥಳದ ಪಕ್ಕದಲ್ಲಿ ಅವಸರದಲ್ಲಿ ನಾನೇ ಗಿಟಾರ್ ಕೇಬಲ್ಲೊಂದನ್ನು ಬಾಕ್ಸ್‌ಗೆ ಸಿಕ್ಕಿಸಿದ್ದೆ. ಚೆಂಡೆಯ ಪೆಟ್ಟು ಏರಿದಂತೆಲ್ಲ ಕೇಬಲ್ ಬೆಚ್ಚಗಾಗಿ, ನಡುರಾತ್ರಿಯ ಹೊತ್ತಿಗೆ ಅದರ ರಬ್ಬರು ಬೆರಳಿಗೆ ಮೆತ್ತಗೆ ತಾಗುತ್ತಿತ್ತು. ಟ್ರಾನ್ಸಿಸ್ಟರ್ ಆಂಪ್ (ಆಂಪ್ಲಿಫೈಯರ್) ಆಗಿದ್ದರಿಂದ ಅಷ್ಟಕ್ಕೇ ಮುಗಿಯಿತು. ಗಾಜಿನ ಕೊಳವೆಗಳಿಂದ ಕೆಲಸ ಮಾಡುವ ವಾಲ್ವ್ ಆಂಪ್ ಆಗಿದ್ದು, ಆ ತೆಳು ಎಳೆ ನಡುವೆ ಕಡಿದು ಹೋಗಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಅಪಾಯವಿತ್ತು. ವಾಲ್ವ್ ಆಂಪನ್ನು ಸ್ಪೀಕರ್ ಜೋಡಿಸದೆ ಓಡಿಸಬಾರದು ಎನ್ನುವುದು ಇದೇ ಕಾರಣಕ್ಕೆ.

ಇನ್ನು ದಪ್ಪದ ಲೆಕ್ಕ. ಕೊಳ್ಳುವವರು ಬಹುತೇಕ ಇಲ್ಲಿಯೇ ಎಡವುತ್ತಾರೆ, ಏಕೆಂದರೆ ಅಂಗಡಿಯವರು ವ್ಯಾಟ್ ಎಷ್ಟೆಂದು ಕೇಳುತ್ತಾರೆಯೇ ಹೊರತು ದೂರ ಎಷ್ಟು, ಓಮ್ ಎಷ್ಟು ಎಂದು ಕೇಳುವುದಿಲ್ಲ. ಕೇಬಲ್‌ನ ರೋಧವು ಬಾಕ್ಸ್‌ನ ಓಮ್‌ನ ನೂರಕ್ಕೆ ಐದು ಪಾಲನ್ನು ಮೀರದಂತೆ ನೋಡಿಕೊಂಡರೆ ಸಾಕು ಎಂಬುದು ನಾನು ಪಾಲಿಸುವ ಅಳತೆ. ಕರೆಂಟು ಹೋಗಿ ಮರಳಿ ಬರಬೇಕಾದ್ದರಿಂದ 20 ಮೀಟರ್ ದೂರವೆಂದರೆ 40 ಮೀಟರ್ ತಾಮ್ರ ಎಂಬುದನ್ನು ಮರೆಯಬಾರದು. ಈ ಲೆಕ್ಕದಂತೆ 8 ಓಮ್‌ನ ಬಾಕ್ಸ್‌ಗೆ 1.5 ಸ್ಕ್ವೇರ್ ಎಂಎಂ (ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ, ಚದರ ಮಿಲಿಮೀಟರ್‌ನಲ್ಲಿ) ತಂತಿ ಸುಮಾರು 17 ಮೀಟರ್‌ವರೆಗೆ, 2.5 ಸ್ಕ್ವೇರ್ ಎಂಎಂ ಸುಮಾರು 29 ಮೀಟರ್‌ವರೆಗೆ, 4 ಸ್ಕ್ವೇರ್ ಎಂಎಂ ಸುಮಾರು 46 ಮೀಟರ್‌ವರೆಗೆ ಸಾಕಾಗುತ್ತದೆ. 4 ಓಮ್ ಆದರೆ ಈ ದೂರಗಳೆಲ್ಲ ಅರ್ಧಕ್ಕೆ ಇಳಿಯುತ್ತವೆ. 8 ಓಮ್‌ನ ಎರಡು ಬಾಕ್ಸ್‌ಗಳನ್ನು ಒಂದರಿಂದ ಒಂದಕ್ಕೆ ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿದರೂ ಆಂಪ್‌ಗೆ ಕಾಣುವುದು 4 ಓಮೇ. ಹಾಗಾಗಿ ಮೊದಲ ಬಾಕ್ಸ್‌ವರೆಗಿನ ಕೇಬಲ್ ಎರಡರ ಹೊರೆಯನ್ನೂ ಹೊರುತ್ತದೆ. ಅಳತೆ ತಪ್ಪಿದರೆ ಸದ್ದು ತಗ್ಗುವುದಷ್ಟೇ ಅಲ್ಲ, ಸ್ಪೀಕರ್‌ನ ಕೋನ್‌ನ (ಅದುರಿ ಸದ್ದು ಹೊರಡಿಸುವ ಶಂಕುವಿನಾಕಾರದ ಭಾಗದ) ಮೇಲೆ ಆಂಪ್‌ನ ಹಿಡಿತ ಸಡಿಲವಾಗಿ ಮದ್ದಳೆಯ ಪೆಟ್ಟು ಮಸುಕಾಗುತ್ತದೆ. ಜಾತ್ರೆಯ ಮರಗಳಿಗೆ ಕಟ್ಟುವ ಹಾರ್ನ್‌ಗಳ 100 ವೋಲ್ಟ್ ಲೈನ್ ಬೇರೆಯದೇ ವ್ಯವಸ್ಥೆ. ಅಲ್ಲಿ ಒತ್ತಡ ಹೆಚ್ಚು, ಕರೆಂಟು ಕಡಿಮೆ. ಆದ್ದರಿಂದ ತೆಳು ತಂತಿಯೂ ದೂರ ಸಾಗುತ್ತದೆ.

ತಾಮ್ರವೆಂದು ಮಾರುವುದೆಲ್ಲ ತಾಮ್ರವಲ್ಲ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಅಗ್ಗವಾಗಿ ಸಿಗುತ್ತದೆ. ಅದರ ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು, ಬಾಗಿಸಿದಂತೆಲ್ಲ ಎಳೆಗಳು ಬೇಗ ತುಂಡಾಗುತ್ತವೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿರಿ: ಒಳಗೆ ಬೆಳ್ಳಗೆ ಕಂಡರೆ ಮರಳಿ ಕೊಡಿರಿ. ತವರ ಲೇಪಿಸಿದ ತಾಮ್ರವು ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗಿರುತ್ತದೆ, ಅದು ಒಳ್ಳೆಯದೇ. ಹಾಗೆಯೇ ಚಿನ್ನದ ಬಣ್ಣದ ಪ್ಲಗ್‌ಗೂ ದುಬಾರಿ ಹೆಸರಿಗೂ ಕೊಡುವ ಹಣವನ್ನು ತಂತಿಯ ದಪ್ಪಕ್ಕೆ ಹಾಕುವುದು ಜಾಣತನ.

ಕನೆಕ್ಟರ್‌ಗಳಲ್ಲಿ ಆಯ್ಕೆ ನಿಮ್ಮದಾಗಿದ್ದರೆ ಸ್ಪೀಕಾನ್ ಇರಲಿ. ಒಳಗಿಟ್ಟು ತಿರುಗಿಸಿದರೆ ಟಕ್ ಎಂದು ಬೀಗ ಬೀಳುವುದರಿಂದ ಯಾರಾದರೂ ಎಡವಿದರೂ ಕಳಚುವುದಿಲ್ಲ, ಕರೆಂಟು ಹರಿಯುವ ಲೋಹ ಕೈಗೂ ಸಿಗುವುದಿಲ್ಲ. ಸಾಮಾನ್ಯವಾಗಿ ‘1+’, ‘1-’ ಎಂದು ಗುರುತಿಸಿದ ಕಡ್ಡಿಗಳಿಗೆ ತಂತಿ ಬಿಗಿಯಬೇಕು. ಆಂಪನ್ನು ಬ್ರಿಡ್ಜ್ ಮಾಡುವುದಾದರೆ (ಅದರ ಎರಡು ಚಾನಲ್‌ಗಳನ್ನು ಸೇರಿಸಿ ಒಂದಾಗಿ ಓಡಿಸುವುದಾದರೆ) ಜೋಡಣೆ ಬದಲಾಗಬಹುದು, ಅದಕ್ಕೆ ಆಂಪ್‌ನ ಹಿಂಬದಿಯ ಚಿತ್ರವನ್ನೇ ನಂಬಬೇಕು. ಬಾಕ್ಸ್‌ಗೆ ಮನೆಯ ಕರೆಂಟಿನ ಎರಡು ಪಿನ್ನಿನ ಪ್ಲಗ್ ಹಾಕುವ ಹಳೆಯ ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಿರಿ: ಕತ್ತಲಲ್ಲಿ ಹುಡುಗನೊಬ್ಬ ಅದನ್ನು 230 ವೋಲ್ಟ್‌ನ ಬೋರ್ಡಿಗೆ ಸಿಕ್ಕಿಸಿದರೆ ಸ್ಪೀಕರ್ ಕ್ಷಣದಲ್ಲಿ ಸುಡುತ್ತದೆ. ಆಂಪ್ ಒಳಗೇ ಇರುವ ಬಾಕ್ಸ್‌ಗಳಿಗೆ ಈ ಯಾವ ಲೆಕ್ಕವೂ ಬೇಕಿಲ್ಲ, ಅವಕ್ಕೆ ಮಿಕ್ಸರ್‌ನಿಂದ ಬರುವ ಮೈಕ್ ಕೇಬಲ್ ಮಾದರಿಯದೇ ಸಾಕು.

ಕೇಬಲ್ ಕಟ್ಟಿದ ಮೇಲೆ ಅದನ್ನು ಆಂಪ್‌ನಿಂದ ಬಿಡಿಸಿ, ಆ ತುದಿಗೆ 1.5 ವೋಲ್ಟ್‌ನ ಬ್ಯಾಟರಿ ಸೆಲ್ಲನ್ನು ಒಂದು ಕ್ಷಣ ತಾಗಿಸಿರಿ. ಸೆಲ್ಲಿನ ಪ್ಲಸ್ ಕೇಬಲ್‌ನ ಪ್ಲಸ್‌ಗೆ ತಾಗಿದಾಗ ದೊಡ್ಡ ಸ್ಪೀಕರ್‌ನ ಕೋನ್ ಮುಂದಕ್ಕೆ ಬರಬೇಕು. ಜೋಡಿ ಬಾಕ್ಸ್‌ಗಳಲ್ಲಿ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋದರೆ ಬೇಸ್ ಒಂದನ್ನೊಂದು ತಿಂದುಹಾಕುತ್ತದೆ; ಆಗ ಎರಡನೆಯದರ ತಂತಿ ಅದಲುಬದಲು ಮಾಡಿ, ಸರಿಯಾದ ತುದಿಗೆ ಕೆಂಪು ಟೇಪು ಸುತ್ತಿರಿ.